ಚಕ್ರವೂ ಗಾಳಿಯೂ

ಉಡುಪಿಯಿಂದ ತೆಂಕಣಕ್ಕೆ ಹೊರಟು, ಕಾಪು, ಪಡುಬಿದ್ರಿಗಳನ್ನು ದಾಟಿ, ಅಲ್ಲಿಂದ ಮೂಡಣಕ್ಕೆ ತಿರುಗಿ, ಬೆಳ್ಮಣ್, ನಿಟ್ಟೆಗಳ ಮೂಲಕ ಕಾರ್ಕಳವನ್ನು ಸೇರಿ, ಬೈಲೂರು, ಹಿರಿಯಡಕ, ಮಣಿಪಾಲಗಳ ಮಾರ್ಗವಾಗಿ ಮರಳಿ ಉಡುಪಿಗೆ ಬರುವ ಸುತ್ತುದಾರಿಯೊಂದುಂಟು. ಎಂಬತ್ತು ತೊಂಬತ್ತು ಕಿಲೋಮೀಟರುಗಳ ಈ ಸುತ್ತಿನಲ್ಲಿ ಕಡಲ ಬದಿಯ ಸಮತಟ್ಟಾದ ಹೆದ್ದಾರಿಯೂ, ಒಳನಾಡಿನ ಏರಿಳಿತಗಳೂ, ಮುರಕಲ್ಲಿನ ಗುಡ್ಡದ ಏರೂ ಒಂದರ ಹಿಂದೊಂದು ಬರುತ್ತವೆ. ಈ ದಾರಿಯಲ್ಲಿ ಸೈಕಲ್ ಓಡಿಸಿ ಸ್ಪರ್ಧೆಗೆ ಸಿದ್ಧನಾಗುತ್ತಿರುವ ತರುಣನೊಬ್ಬನಿಗೆ ಹೊಸ ಚಕ್ರಗಳ ಆಸೆ ಹುಟ್ಟುವುದು ಸಹಜ. ಅಂಗಡಿಯಲ್ಲಿ ಅವನ ಕಣ್ಣಿಗೆ ಬೀಳುವುದು ಕಾರ್ಬನ್ನಿನ ಕಪ್ಪು ಚಕ್ರಗಳು. ಅವುಗಳ ಒಂದು ಜೊತೆಗೆ ಹತ್ತಾರು ಸಾವಿರ ರೂಪಾಯಿ. ಹೆಸರಾಂತ ಕಂಪನಿಯದಾದರೆ ಲಕ್ಷವನ್ನೂ ಮೀರುವುದುಂಟು. ಸಾಧಾರಣ ಮನೆಯವರು ಅಷ್ಟು ಹಣವನ್ನು ಹೊಂದಿಸಬೇಕಾದರೆ ಬೇರೆ ಯಾವುದೋ ಅಗತ್ಯವನ್ನು ಮುಂದಕ್ಕೆ ಹಾಕಲೇಬೇಕಾಗುತ್ತದೆ. ಆದುದರಿಂದ ಆ ಚಕ್ರವು ಕೊಡುವುದೇನು, ಕೊಡದಿರುವುದೇನು ಎಂಬುದನ್ನು ಲೆಕ್ಕಹಾಕಿ ನೋಡುವುದು ಅವಶ್ಯ.

ಸಮತಟ್ಟಾದ ನೆಲದಲ್ಲಿ ವೇಗವಾಗಿ ಸಾಗುವ ಸವಾರನ ಮುಖ್ಯ ಶತ್ರು ಗಾಳಿ. ನಿಧಾನವಾಗಿ ಹೋಗುವಾಗ ಅದರ ಅರಿವೇ ಆಗುವುದಿಲ್ಲ. ಆದರೆ ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ; ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 15 ಕಿ.ಮೀ. ವೇಗದಿಂದ 30 ಕಿ.ಮೀ. ವೇಗಕ್ಕೆ ಏರಬೇಕಾದರೆ, ಗಾಳಿಯೊಡನೆ ಹೋರಾಡಲು ಕಾಲುಗಳು ಎರಡು ಪಟ್ಟಲ್ಲ, ಎಂಟು ಪಟ್ಟು ದುಡಿಯಬೇಕು.

ಈ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ಮೈಯಿಂದಲೇ ಉಂಟಾಗುತ್ತದೆ. ಮೊಣಕೈಯನ್ನು ಮಡಿಸಿ, ಬೆನ್ನನ್ನು ತಗ್ಗಿಸಿ ಕುಳಿತರೆ ಸಿಗುವ ಲಾಭವು ಯಾವ ಚಕ್ರದ ಲಾಭಕ್ಕಿಂತಲೂ ದೊಡ್ಡದು. ಅದಕ್ಕೆ ಒಂದು ಕಾಸೂ ಖರ್ಚಿಲ್ಲ. ಉಳಿದ ಪಾಲಿನಲ್ಲಿ ಚಕ್ರಗಳಿಗೂ ಒಂದು ಭಾಗವಿದೆ. ಚಕ್ರವು ಉರುಳುವಾಗ ನೆಲಕ್ಕೆ ತಾಗಿದ ಬಿಂದುವು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ತುತ್ತತುದಿಯ ಬಿಂದುವು ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದೋಡುತ್ತದೆ. ಸವಾರನು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಚಕ್ರದ ಮೇಲ್ಭಾಗವು 72 ಕಿ.ಮೀ. ವೇಗದಲ್ಲಿ ಗಾಳಿಯನ್ನು ಇರಿಯುತ್ತಿರುತ್ತದೆ. ಅಲ್ಲಿರುವ ಕಡ್ಡಿಗಳು ಪ್ರತಿಯೊಂದೂ ಗಾಳಿಯನ್ನು ಕಡೆಯುತ್ತವೆ. ಗಿಡ್ಡ ರಿಮ್ಮಿನ ಹಿಂದೆ ಗಾಳಿಯ ಸುಳಿಗಳೆದ್ದು, ಒತ್ತಡವು ಕಡಮೆಯಾಗಿ, ಚಕ್ರವನ್ನು ಹಿಂದಕ್ಕೆ ಹೀರಿದಂತಾಗುತ್ತದೆ. ರಿಮ್ಮನ್ನು ಒಳಮುಖವಾಗಿ ಆಳಗೊಳಿಸಿ ಹಕ್ಕಿಯ ರೆಕ್ಕೆಯಂತೆ ನಯವಾಗಿ ರೂಪಿಸಿದರೆ ಕಡ್ಡಿಗಳು ಗಿಡ್ಡವಾಗುತ್ತವೆ. ಟೈರನ್ನು ದಾಟಿದ ಗಾಳಿಯೂ ಒಡೆಯದೆ ರಿಮ್ಮಿನ ಮೈಗೆ ಅಂಟಿ ಹರಿಯುತ್ತದೆ.

ಇದರ ಪ್ರಯೋಜನವು ಜಗತ್ತಿಗೆ ಎದ್ದು ಕಂಡದ್ದು 1984ರಲ್ಲಿ. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಎಂಬಾತನು 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ದೂರವನ್ನು ಕ್ರಮಿಸಿದ್ದನು. ಹನ್ನೆರಡು ವರ್ಷಗಳ ಬಳಿಕ ಅದೇ ನಗರದಲ್ಲಿ ಇಟಲಿಯ ಫ್ರಾಂಚೆಸ್ಕೊ ಮೋಸೆರ್ ಎಂಬಾತನು ಕಡ್ಡಿಗಳೇ ಕಾಣದ, ತಟ್ಟೆಯಂತೆ ಮುಚ್ಚಿದ ಚಕ್ರಗಳನ್ನು ಬಳಸಿ 51.151 ಕಿ.ಮೀ. ಓಡಿದನು. ಎಲ್ಲ ಕೀರ್ತಿಯೂ ಚಕ್ರದ್ದಲ್ಲ. ಆದರೆ ಅಂದಿನಿಂದ ಚಕ್ರದ ಆಕಾರವನ್ನು ಯಾರೂ ಅಲಕ್ಷಿಸಲಿಲ್ಲ.

ಆಳವಾದ ರಿಮ್ಮನ್ನು ಲೋಹದಿಂದ ಮಾಡಿದರೆ ಭಾರ ಹೆಚ್ಚುತ್ತದೆ. ಆದಕಾರಣ ಕಾರ್ಬನ್ನು ಬಂದಿತು. ಅಕ್ರಿಲಿಕ್ ಜಾತಿಯ ನೂಲನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿದಾಗ ಕೂದಲಿಗಿಂತಲೂ ತೆಳ್ಳಗಾದ ಇಂಗಾಲದ ಎಳೆಗಳು ಉಳಿಯುತ್ತವೆ. ಅವುಗಳ ಹಾಳೆಗಳನ್ನು ಅಚ್ಚಿನಲ್ಲಿ ಪದರ ಪದರವಾಗಿ ಹೊಂದಿಸಿ, ಅಂಟುರಾಳದಿಂದ ಬೆಸೆದು ರಿಮ್ಮನ್ನು ಮಾಡುತ್ತಾರೆ. ಈ ಕೆಲಸದ ಬಹುಪಾಲು ಕೈಯಿಂದಲೇ ಆಗಬೇಕು. ಅಗ್ಗದ ರಿಮ್ಮಿನ ಆಕಾರವು ದುಬಾರಿ ರಿಮ್ಮಿನ ಆಕಾರಕ್ಕೆ ಈಗ ಬಹಳ ಸಮೀಪವಾಗಿದೆ. ಭೇದವೇನಿದ್ದರೂ ಕಣ್ಣಿಗೆ ಕಾಣದ ಕಡೆಗಳಲ್ಲಿ: ರಾಳದ ಗುಣ, ಪದರಗಳ ಜೋಡಣೆ, ಮಾರುವ ಮುನ್ನ ನಡೆದ ಪರೀಕ್ಷೆ, ಮುರಿದರೆ ಬದಲಿಸಿ ಕೊಡುವ ಭರವಸೆ.

ಇನ್ನು ಲಾಭದ ಲೆಕ್ಕ. ಚಕ್ರವೊಂದು 10 ವ್ಯಾಟ್ ಉಳಿಸುತ್ತದೆಂದು ಜಾಹೀರಾತು ಹೇಳಿತೆನ್ನೋಣ. ಅಂಥ ಪರೀಕ್ಷೆಗಳನ್ನು ಸಾಮಾನ್ಯವಾಗಿ ಗಂಟೆಗೆ 45 ಕಿ.ಮೀ. ಆಸುಪಾಸಿನ ವೇಗದಲ್ಲಿ ನಡೆಸುತ್ತಾರೆ. ಅದು ನುರಿತ ಸ್ಪರ್ಧಿಗಳ ವೇಗ. ನಮ್ಮ ತರುಣನು 30 ಕಿ.ಮೀ. ವೇಗದಲ್ಲಿ ಹೋಗುವವನು. ಅವನ ವೇಗವು ಪರೀಕ್ಷೆಯ ವೇಗದ ಮೂರನೆಯ ಎರಡು ಭಾಗ. ಅದರ ಘನವು ಇಪ್ಪತ್ತೇಳರಲ್ಲಿ ಎಂಟು ಭಾಗ. ಎಂದರೆ ಅವನಿಗೆ ದಕ್ಕುವುದು 10 ವ್ಯಾಟ್ ಅಲ್ಲ, ಸುಮಾರು 3 ವ್ಯಾಟ್.

ಟೈರಿನ ಲೆಕ್ಕ ಬೇರೆ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗೆ ಗಾಳಿ ತುಂಬಿದ ರಬ್ಬರಿನ ಟೈರನ್ನು ಹಾಕಿದನು. ಅಂದಿನಿಂದಲೂ ಚಕ್ರದ ಓಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿರುವುದು ಟೈರೇ. ಟೈರು ಉರುಳುವಾಗ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಹೀಗೆ ಮಡಿದು ಬಿಚ್ಚಿಕೊಳ್ಳುವಾಗ ಸ್ವಲ್ಪ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಸಾಧಾರಣ ಟೈರಿನ ಉರುಳು ಘರ್ಷಣೆಯ ಗುಣಾಂಕ 0.006 ಎಂದೂ, ತೆಳುವಾದ, ಮೃದುವಾದ ಮೈಯುಳ್ಳ ಒಳ್ಳೆಯ ಟೈರಿನದು 0.004 ಎಂದೂ ಇಟ್ಟುಕೊಳ್ಳಬಹುದು. ಸವಾರನೂ ಸೈಕಲ್ಲೂ ಕೂಡಿ 80 ಕಿಲೋಗ್ರಾಂ ಇದ್ದರೆ ಭಾರವು 784 ನ್ಯೂಟನ್. ಎರಡು ಟೈರುಗಳ ನಡುವಣ ವ್ಯತ್ಯಾಸ ಸುಮಾರು 1.6 ನ್ಯೂಟನ್. ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ 8.3 ಮೀಟರು. ಗುಣಿಸಿದರೆ 13 ವ್ಯಾಟ್! ಚಕ್ರದ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುವ ಟೈರು ಅದರ ನಾಲ್ಕು ಪಟ್ಟು ಲಾಭವನ್ನು ತಂದಿತು. ಆದುದರಿಂದ ಮಿತವಾದ ಹಣವುಳ್ಳವನು ಮೊದಲು ಬದಲಿಸಬೇಕಾದುದು ಟೈರನ್ನು.

ಟೈರಿನ ಅಗಲದ ವಿಷಯದಲ್ಲಿ ಹಿಂದಿನವರ ನಂಬಿಕೆ ಈಗ ತಿರುಗಿಬಿದ್ದಿದೆ. 23 ಮಿಲಿಮೀಟರಿನ ಸಪುರ ಟೈರಿಗೆ ಚದರ ಅಂಗುಲಕ್ಕೆ 110 ಪೌಂಡಿನಷ್ಟು ಗಾಳಿ ಹೊಡೆಯುವುದೇ ವೇಗದ ಗುಟ್ಟೆಂದು ಬಹುಕಾಲ ಭಾವಿಸಿದ್ದರು. ನುಣುಪಾದ ಕ್ರೀಡಾಪಥದಲ್ಲಿ ಅದು ಸರಿ. ತೇಪೆ ಹಾಕಿದ ಡಾಮರು ರಸ್ತೆಯಲ್ಲಿ ಅಂಥ ಗಟ್ಟಿ ಟೈರು ಪ್ರತಿ ಉಬ್ಬಿನ ಮೇಲೂ ಸವಾರನನ್ನು ಎತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿಯು ಮೇಲಕ್ಕೆ ಹೋಗಿ ನಷ್ಟವಾಗುತ್ತದೆ. 28 ಮಿಲಿಮೀಟರಿನ ಟೈರು 70 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ಆ ಉಬ್ಬುಗಳನ್ನು ನುಂಗಿಕೊಂಡು ಸಾಗುತ್ತದೆ. ಆದರೆ ಟೈರು ರಿಮ್ಮಿಗಿಂತ ಅಗಲವಾದರೆ ಗಾಳಿಯ ಹರಿವು ಒಡೆದು ಆಳವಾದ ರಿಮ್ಮಿಗೆ ಕೊಟ್ಟ ಹಣವು ದಂಡವಾಗುತ್ತದೆ. ರಿಮ್ಮು ಟೈರಿಗಿಂತ ತುಸು ಅಗಲವಾಗಿರಬೇಕು.

ಕೆಲವು ಹೊಸ ರಿಮ್ಮುಗಳಿಗೆ ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಂಥ ತುಟಿ ಇರುವುದಿಲ್ಲ. ಅಂಥವಕ್ಕೆ ಟ್ಯೂಬಿಲ್ಲದ ಬಗೆಯ ಟೈರನ್ನೇ ಹಾಕಬೇಕು; ಗಾಳಿಯ ಒತ್ತಡವು 72 ಪೌಂಡನ್ನು ಮೀರಕೂಡದು. ಮೀರಿದರೆ ಓಡುವಾಗಲೇ ಟೈರು ಕಳಚಿಹೋಗಬಹುದು.

ಹೀಗೆ ಆರಿಸಿದ ಚಕ್ರವನ್ನು ಈ ನಾಡಿನ ದಾರಿಗಳೂ ಪರೀಕ್ಷಿಸುತ್ತವೆ. ಕಾಪುವಿನ ಹೆದ್ದಾರಿಯು ಕಡಲಿಗೆ ಸಮಾನಾಂತರವಾಗಿ ಬಡಗಿನಿಂದ ತೆಂಕಿಗೆ ಓಡುತ್ತದೆ. ಹೊತ್ತೇರಿ ನೆಲ ಕಾದಂತೆ ಕಡಲ ಗಾಳಿಯು ಪಡುವಣದಿಂದ ಬೀಸತೊಡಗಿ, ಸವಾರನ ಪಕ್ಕೆಗೆ ನೇರವಾಗಿ ಬಡಿಯುತ್ತದೆ. 60 ಮಿಲಿಮೀಟರು ಆಳದ ಮುಂಚಕ್ರವು ಆಗ ದೋಣಿಯ ಹಾಯಿಯಂತಾಗಿ ಹಿಡಿಯನ್ನೇ ತಿರುಗಿಸುತ್ತದೆ. ಪಕ್ಕದಲ್ಲಿ ಲಾರಿಗಳು ಓಡುವ ದಾರಿಯಲ್ಲಿ ಇದು ಪ್ರಾಣದ ಪ್ರಶ್ನೆ. ಹಗುರ ಮೈಯ ಎಳೆಯರಿಗೆ 40 ಮಿಲಿಮೀಟರಿನ ಸುಮಾರಿನ ಆಳವೇ ಸಾಕು.

ಮಣಿಪಾಲದ ಏರಿನಲ್ಲಿ ವೇಗವು ತಗ್ಗಿ ಗಾಳಿಯು ಮರೆಯಾಗುತ್ತದೆ. ಅಲ್ಲಿ ಉಳಿಯುವುದು ತೂಕವೊಂದೇ. ಹೊಸ ಚಕ್ರಗಳು 400 ಗ್ರಾಂ ಹಗುರವಾಗಿದ್ದರೂ 80 ಕಿಲೋಗ್ರಾಮಿನಲ್ಲಿ ಅದು ಇನ್ನೂರರಲ್ಲಿ ಒಂದು ಪಾಲು. ಐದು ನಿಮಿಷದ ಏರಿನಲ್ಲಿ ಒಂದೂವರೆ ಸೆಕೆಂಡು ಉಳಿದೀತು.

ಬ್ರೇಕಿನ ಮಾತನ್ನು ಜಾಹೀರಾತುಗಳು ಅಷ್ಟಾಗಿ ಎತ್ತುವುದಿಲ್ಲ. ಬ್ರೇಕಿನ ಕಟ್ಟೆಗಳು ರಿಮ್ಮನ್ನೇ ಒತ್ತುವ ಹಳೆಯ ಬಗೆಯ ಸೈಕಲ್ಲಿಗೆ ಅಗ್ಗದ ಕಾರ್ಬನ್ ರಿಮ್ಮು ತಕ್ಕುದಲ್ಲ. ಮಳೆಯಲ್ಲಿ ಅದು ಜಾರುತ್ತದೆ. ಕರಾವಳಿಯಲ್ಲಿ ಮಳೆಗಾಲವೆಂದರೆ ನಾಲ್ಕು ತಿಂಗಳು. ಆಗುಂಬೆಯಂಥ ಘಾಟಿಯನ್ನು ಇಳಿಯುವಾಗ ಶಾಖವು ಬೇಗ ಹರಡಿಹೋಗದೆ ರಾಳವು ಮೆತ್ತಗಾಗಿ ರಿಮ್ಮು ಸೊಟ್ಟಗಾಗುವ ಭಯವೂ ಇದೆ. ಹಬ್ಬಿನ ಬಳಿ ತಟ್ಟೆಯ ಬ್ರೇಕುಳ್ಳ ಸೈಕಲ್ಲಿಗೆ ಈ ತೊಂದರೆಯಿಲ್ಲ.

ಕೊಳ್ಳುವ ಮುನ್ನ ಕಡ್ಡಿಗಳ ತುದಿಯ ಪುಟ್ಟ ನಟ್ಟುಗಳನ್ನೂ ನೋಡಬೇಕು. ಅಲ್ಯೂಮಿನಿಯಮ್ಮು ಕಾರ್ಬನ್ನಿಗೆ ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಲೋಹವು ಬೇಗ ಸವೆಯುತ್ತದೆ. ಕಡಲ ತೀರದವರಿಗೆ ಹಿತ್ತಾಳೆಯ ನಟ್ಟುಗಳೇ ಲೇಸು. ಗುಂಡಿಗೆ ಬಿದ್ದು ಸೊಟ್ಟಗಾದ ಉಕ್ಕಿನ ರಿಮ್ಮನ್ನು ಊರಿನ ಸೈಕಲ್ ಅಂಗಡಿಯವನು ಕಡ್ಡಿಗಳನ್ನು ಬಿಗಿಮಾಡಿ, ಸಡಿಲಿಸಿ, ಅರ್ಧ ಗಂಟೆಯಲ್ಲಿ ನೇರ್ಪಡಿಸಿ ಕೊಡುವುದುಂಟು. ಬಿರುಕುಬಿಟ್ಟ ಕಾರ್ಬನ್ ರಿಮ್ಮನ್ನು ಅವನು ಬೆರಳಿನಿಂದ ತಟ್ಟಿ ನೋಡಿ, ಹಾಗೆಯೇ ಹಿಂದಿರುಗಿಸುತ್ತಾನೆ.