ದಂಡ ದಿನಕ್ಕೆ ನೂರು ರೂಪಾಯಿ

ಕನ್ನಡಿಗರಿಗೆ ಕೆಲಸ ಕೊಡದ ಕಂಪನಿಗೆ ದಂಡವೆಷ್ಟು? 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದ ಮಸೂದೆಯ ಲೆಕ್ಕದಲ್ಲಿ 10 ಸಾವಿರದಿಂದ 25 ಸಾವಿರ ರೂಪಾಯಿ. ಆಮೇಲೂ ಜಗ್ಗದಿದ್ದರೆ ದಿನಕ್ಕೆ 100. ವರ್ಷವಿಡೀ ಮೊಂಡು ಹಿಡಿದು ಕೂತರೂ ಒಟ್ಟು ಮೊತ್ತ 61,500 ದಾಟದು. ಗೇಟಿನ ಕಾವಲುಗಾರನ ವರ್ಷದ ಪಗಾರವೇ ಇದಕ್ಕಿಂತ ಹೆಚ್ಚು!

ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿರಬೇಕು ಎಂದಿದ್ದ ಆ ಮಸೂದೆಯನ್ನು, ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಸರ್ಕಾರ ಎರಡೇ ದಿನದಲ್ಲಿ ತಡೆಹಿಡಿಯಿತು. ಕನ್ನಡಿಗರಿಗೆ ಉದ್ಯೋಗ ಮೀಸಲಿಡಬೇಕೆಂದ ಸರೋಜಿನಿ ಮಹಿಷಿ ಸಮಿತಿಯ ವರದಿ ಬಂದದ್ದು 1980ರ ದಶಕದಲ್ಲಿ. ಬೇಡಿಕೆಗೆ ಅಷ್ಟು ವಯಸ್ಸಾಗಿದೆ. ಹರಿಯಾಣ 2 ಲಕ್ಷದವರೆಗೆ ದಂಡವಿಟ್ಟು ಇಂಥ ಕಾಯ್ದೆಯನ್ನೇ ತಂದಿತ್ತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಿಂದ ನೋಡಿದರೆ ವಿಷಯ ಇಷ್ಟು ಸರಳವಲ್ಲ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಭೂಮಿ ಕೊಟ್ಟವರು ಅಲ್ಲೇ ಕೆಲಸ ಕೇಳುವುದು ನ್ಯಾಯವೇ. ಆದರೆ ಮಳೆ ಕೈಕೊಟ್ಟ ವರ್ಷ ಇದೇ ತಾಲ್ಲೂಕುಗಳ ಜನ ಗಂಟುಮೂಟೆ ಕಟ್ಟಿ ಗೋವಾ, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಅಲ್ಲಿ ಹೊರಗಿನವರು ನಾವೇ. ಉದ್ಯಮಗಳಲ್ಲಿ ಶೇ 80 ಸ್ಥಳೀಯರಿರಲಿ ಎಂದು ಮಹಾರಾಷ್ಟ್ರ 1968ರಿಂದಲೂ ಹೇಳುತ್ತಿದೆ.

ಹಾಗಾಗಿ ನನಗೆ ಕೋಟಾಕ್ಕಿಂತ ಮುಖ್ಯವೆನಿಸುವುದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಐದು ಅಥವಾ ಹೆಚ್ಚು ಮಂದಿಯನ್ನು ಹೊರರಾಜ್ಯಕ್ಕೆ ಒಯ್ಯುವ ಗುತ್ತಿಗೆದಾರ ಪರವಾನಗಿ ಪಡೆಯಬೇಕಿತ್ತು. ಪ್ರತಿ ಕೂಲಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಟ್ಟು ಕೂಲಿ ದರ, ಕಡಿತ, ಮರಳುವ ಪ್ರಯಾಣದ ಖರ್ಚು ಎಲ್ಲವನ್ನೂ ಬರೆಯಬೇಕಿತ್ತು. ಹಿಂದಿ, ಇಂಗ್ಲಿಷ್ ಜೊತೆಗೆ ಕೂಲಿಯ ಭಾಷೆಯಲ್ಲೂ. ಅಂದರೆ ಸಿಂದಗಿಯ ಗಾರೆಯವನಿಗೆ ಪಣಜಿಯಲ್ಲಿ ಕನ್ನಡದ ಪಾಸ್‌ಬುಕ್! ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇತ್ತು. ಸಾವಿರ ರೂಪಾಯಿಗೆ ಯಾವ ಗುತ್ತಿಗೆದಾರ ಹೆದರಿಯಾನು? 2020ರ ಕಾರ್ಮಿಕ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಳ್ಳುವಾಗ ಐದರ ಮಿತಿಯನ್ನು ಹತ್ತಕ್ಕೆ ಏರಿಸಿತು. ಏಳೆಂಟು ಜನರ ಸಣ್ಣ ತಂಡ ಅಲ್ಲಿಗೆ ಲೆಕ್ಕದಿಂದಲೇ ಹೊರಬಿತ್ತು.

ಈ ಸಲ ಗುಳೆ ಹೊರಡುವವರು ಮುಂಗಡ ಕೈಗೆ ಬರುವ ಮೊದಲೇ ಗುತ್ತಿಗೆದಾರನ ಪರವಾನಗಿ ಕೇಳಿ ನೋಡಿ. ಕೂಲಿ ದರವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಇ-ಶ್ರಮ್ ನೋಂದಣಿಯನ್ನು ಊರಲ್ಲೇ ಮುಗಿಸಿಕೊಂಡು ಹೊರಡಿ.