ರೆಫ್ಯೂಜಿಯೊ ತೀರದಲ್ಲಿ ಟೆಂಟ್ ಹಾಕುವ ಮುನ್ನ

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಿಂದ ಪಶ್ಚಿಮಕ್ಕೆ ಹೊರಟರೆ 101ನೇ ಹೆದ್ದಾರಿ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಎಲ್ ಕ್ಯಾಪಿಟಾನ್, ರೆಫ್ಯೂಜಿಯೊ, ಗವಿಯೋಟ ಹೀಗೆ ಸಾಲಾಗಿ ಸರ್ಕಾರಿ ಬೀಚುಗಳು. ಒಂದು ರಾತ್ರಿ ಟೆಂಟ್ ಹಾಕಿ ಬೆಳಿಗ್ಗೆ ಮುಂದಕ್ಕೆ ಹೊರಡುವವರಿಗೆ ಹೇಳಿ ಮಾಡಿಸಿದ ದಾರಿ. 2015ರ ಮೇ 19ರಂದು ರೆಫ್ಯೂಜಿಯೊ ಬಳಿ ನೆಲದಡಿಯ ಕಚ್ಚಾತೈಲದ ಪೈಪು ತುಕ್ಕು ತಿಂದು ಒಡೆಯಿತು. ಒಂದು ಲಕ್ಷ ಗ್ಯಾಲನ್‌ಗೂ ಹೆಚ್ಚು ತೈಲ ಸೋರಿತು. ಅದರಲ್ಲೊಂದು ಪಾಲು ಮೋರಿ ಹಿಡಿದು ಹೆದ್ದಾರಿಯ ಅಡಿಯಿಂದಲೇ ಕಡಲಿಗಿಳಿಯಿತು. ಎಲ್ ಕ್ಯಾಪಿಟಾನ್ ಜೂನ್ ಕೊನೆಗೆ, ರೆಫ್ಯೂಜಿಯೊ ಜುಲೈ ನಡುವಿಗೆ ಮತ್ತೆ ತೆರೆದವು. ಎರಡೇ ತಿಂಗಳಲ್ಲಿ ಎಲ್ಲ ಸರಿಹೋಯಿತೆಂದು ಯಾರಿಗಾದರೂ ಅನಿಸೀತು. ಆದರೆ ತೀರ ಟೆಂಟಿಗೆ ಯೋಗ್ಯವಾಗುವುದು ಬೇರೆ, ಕಡಲು ಚೇತರಿಸಿಕೊಳ್ಳುವುದು ಬೇರೆ. ಮರಳನ್ನು ಗುದ್ದಲಿಯಿಂದ ಬಾಚಿ ತೆಗೆಯಬಹುದು. ಅಲೆ ಬಡಿಯುವ ಬಂಡೆಗಳನ್ನು ಕಚ್ಚಿ ಬೆಳೆಯುವ ಕಡಲಹುಲ್ಲನ್ನು ಹಾಗೆ ಮಾಡಲಾಗದು. ಬೇರುಗಂಟು ಸತ್ತರೆ ಅದು ಮತ್ತೆ ಹಬ್ಬಲು ವರ್ಷಗಳೇ ಬೇಕು, ಅದರ ಮರೆಯಲ್ಲಿ ಬದುಕುವ ಮರಿಜೀವಿಗಳೂ ಕಾಯಬೇಕು. ಗ್ರುನಿಯನ್ ಮೀನುಗಳು ಭರತದ ರಾತ್ರಿ ದಡಕ್ಕೇರಿ ಮರಳೊಳಗೆ ಮೊಟ್ಟೆಯಿಡುವ ಕಾಲದಲ್ಲೇ ತೈಲ ಬಂದಿತ್ತು.

ಇಲ್ಲೊಂದು ತಕರಾರು ಏಳುತ್ತದೆ, ಹಗುರವಾದದ್ದೂ ಅಲ್ಲ. ಈ ಕಡಲಿಗೆ ತೈಲ ಹೊಸದೇನಲ್ಲ. ಕೋಲ್ ಆಯಿಲ್ ಪಾಯಿಂಟ್ ಬಳಿ ಕಡಲತಳದಿಂದ ದಿನಕ್ಕೆ ಸುಮಾರು ನೂರು ಬ್ಯಾರಲ್ ತಾನಾಗಿಯೇ ಒಸರುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಚೂಮಾಷ್ ಜನ ಹಿಂದಿನಿಂದಲೂ ಅದರ ಡಾಂಬರನ್ನು ದೋಣಿಯ ಹಲಗೆಗಳ ಸಂದಿಗೆ ಮೆತ್ತುತ್ತಿದ್ದರು. ಅಂಗಾಲಿಗೆ ಮೆತ್ತಿದ ಕಪ್ಪುಂಡೆಗೆಲ್ಲ ಪೈಪನ್ನೇ ದೂರಿದರೆ ತಪ್ಪಾದೀತು, ಒಪ್ಪೋಣ. ಆದರೆ ಹರವಾಗಿ, ನಿಧಾನಕ್ಕೆ ಒಸರುವುದಕ್ಕೂ ತಾಜಾ ತೈಲ ಒಂದೇ ಕಡೆ ಒಮ್ಮೆಗೇ ದಡಕ್ಕೆ ನುಗ್ಗುವುದಕ್ಕೂ ಹೋಲಿಕೆಯೆಲ್ಲಿ? ಈ ತಕರಾರು ಇನ್ನೊಂದು ಬದಿಗೂ ಕೊಯ್ಯುತ್ತದೆ: ಡಾಂಬರು ಕಂಡದ್ದು ಸೋರಿಕೆಗೆ ಪುರಾವೆಯಲ್ಲವಾದರೆ, ಕಾಣದಿರುವುದು ಚೇತರಿಕೆಗೂ ಪುರಾವೆಯಲ್ಲ.

ಹಾಗಾದರೆ ಅತ್ತ ಹೋಗಲೇಬಾರದೇ? ಹೋಗಬೇಕು. ಪೈಪಿನ ಕಂಪನಿಯೊಂದಿಗಿನ 2020ರ ಒಪ್ಪಂದದಲ್ಲಿ ಪ್ರಕೃತಿಯ ನಷ್ಟಕ್ಕೆಂದು ಪಡೆದ ಸುಮಾರು 2.2 ಕೋಟಿ ಡಾಲರ್ ಪರಿಹಾರದಲ್ಲಿ ಜನ ಕಳೆದುಕೊಂಡ ಬೀಚಿನ ದಿನಗಳ ಲೆಕ್ಕವೂ ಸೇರಿತ್ತು. ಟೆಂಟುಗಳು ಮರಳಿದರೆ ಆ ಬಾಬತ್ತಿನ ನಷ್ಟ ನಿಲ್ಲುತ್ತದೆ, ಅಷ್ಟೆ; ಹುಲ್ಲು, ಮೀನು, ಹಕ್ಕಿಗಳ ಬಾಬತ್ತು ಬೇರೆಯೇ. ಇಳಿತದ ಹೊತ್ತಿನಲ್ಲಿ ಬಂಡೆಗಳತ್ತ ನಡೆದವರಿಗೆ ಅದರ ತುಣುಕಾದರೂ ಕಂಡೀತು. ಈಚೆಗೆ ಆ ಪೈಪಿನಲ್ಲಿ ಮತ್ತೆ ತೈಲ ಹರಿಸಲು ಹೊಸ ಕಂಪನಿಯೊಂದು ಹೊರಟು, ಕೋರ್ಟಿನಲ್ಲೂ ಕರಾವಳಿ ಆಯೋಗದಲ್ಲೂ ಜಟಾಪಟಿ ನಡೆದಿದೆ. ಶಿಬಿರತಾಣ ಭರ್ತಿಯಾಗಿದೆ ಎಂಬುದು ಅಲ್ಲಿ ಯಾರ ಕಡೆಗೂ ಸಾಕ್ಷಿ ನುಡಿಯಲಾರದು.