ಘಟ್ಟವನ್ನೇರಿದ ಆಜ್ಞೆ

ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಅಂದಿಗೆ ಜಾತ್ರೆಗಳು ಮುಗಿಯುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲನೇಮಗಳು ನಿಲ್ಲುತ್ತವೆ. ಎಲ್ಲೂರಿನ ವಿಶ್ವೇಶ್ವರನ ಸನ್ನಿಧಿಯಿಂದ ಕಾಪುವಿನ ಕಡಲ ಬಂಡೆಗಳವರೆಗೆ ಇನ್ನು ಮಳೆಯದೇ ಆಳ್ವಿಕೆಯೆಂದು ಹೇಳಿಕೊಡದೆಯೇ ಎಲ್ಲರಿಗೂ ತಿಳಿದಿರುತ್ತದೆ. ಹೀಗೆ ಮಳೆಗೆ ಮುಚ್ಚಿದ ಕಡಲು ಹಿಂದೆಲ್ಲ ನೂಲಹುಣ್ಣಿಮೆಯಂದು ಮೊಗವೀರರು ಹಾಲೆರೆದು ತೆಂಗಿನಕಾಯಿಯನ್ನರ್ಪಿಸುವ ತನಕ ತೆರೆಯುತ್ತಿರಲಿಲ್ಲ. 1783ರಲ್ಲಿ ಸರಿಯಾಗಿ ಈ ಕಾಲಕ್ಕೆ, ಆಕಾಶವು ಕಪ್ಪಿಡತೊಡಗಿದ ಮೇ ತಿಂಗಳಿನಲ್ಲಿ, ಮಂಗಳೂರಿನ ಕೋಟೆಯೊಳಗೆ ಆಂಗ್ಲ ಕುಂಪಣಿಯ ದಂಡೊಂದು ಟಿಪ್ಪು ಸುಲ್ತಾನನ ಸೈನ್ಯದಿಂದ ಸುತ್ತುವರಿಯಲ್ಪಟ್ಟಿತು. ಬೊಂಬಾಯಿಯಿಂದ ಹಡಗು ಬರುವ ಹಾದಿ ಮುಚ್ಚಿತ್ತು, ಘಟ್ಟದ ಮೇಲಿನಿಂದ ಬರಬೇಕಾಗಿದ್ದ ಸಹಾಯವು ಸೆರೆಯಾಗಿತ್ತು. ಈ ದುಃಸ್ಥಿತಿಗೆ ಮೂಲವಾದುದು ಐದು ತಿಂಗಳ ಹಿಂದೆ, 1782ರ ಡಿಸೆಂಬರ್ 31ರಂದು, ಬೊಂಬಾಯಿಯ ಸರಕಾರವು ತನ್ನ ಸೇನಾಪತಿಗೆ ಬರೆದ ಒಂದು ಆಜ್ಞಾಪತ್ರ.

ಮೈಸೂರಿನ ಯುದ್ಧಗಳನ್ನು ನಾವು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಿಂತು ನೋಡಿ ಅಭ್ಯಾಸವಾದವರು. ಅದೇ ಯುದ್ಧವು ಲಂಡನ್ನಿನವರಿಗೆ ಆರು ತಿಂಗಳ ನೌಕಾಯಾನದಾಚೆ, ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಊರುಗಳಲ್ಲಿ, ಒಂದು ವ್ಯಾಪಾರಿ ಸಂಸ್ಥೆಯು ರಾಷ್ಟ್ರದ ಹೆಸರಿನಲ್ಲಿ ನಡೆಸುತ್ತಿದ್ದ ಪರದೇಶದ ಯುದ್ಧವಾಗಿತ್ತು. ಅದು ಅಲ್ಲಿ ಜನಪ್ರಿಯವೂ ಆಗಿರಲಿಲ್ಲ. ಅಮೆರಿಕದ ವಸಾಹತುಗಳನ್ನು ಕಳೆದುಕೊಳ್ಳುತ್ತಿದ್ದ ಆ ವರ್ಷಗಳಲ್ಲಿ, 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಯಲಿನಲ್ಲಿ ಕರ್ನಲ್ ಬೇಲಿಯ ಪಡೆಯು ಸಂಪೂರ್ಣ ನಾಶವಾದ ಸುದ್ದಿ ತಲುಪಿದಾಗ ಪಾರ್ಲಿಮೆಂಟಿನವರು ಬೆಚ್ಚಿದರು. ಮಾಹೆಯ ಬಂದರು ತನ್ನ ರಕ್ಷಣೆಯಲ್ಲಿದೆಯೆಂದು ಮೈಸೂರಿನ ಹೈದರಾಲಿಯು ಸಾರಿದ್ದರೂ 1779ರಲ್ಲಿ ಅದನ್ನು ಹಿಡಿದು, ಮರಾಠರ ಮೇಲಿನ ಯುದ್ಧವಿನ್ನೂ ಮುಗಿಯದಿರುವಾಗಲೇ ಮೈಸೂರನ್ನೂ ಕೆಣಕಿ, ಮದರಾಸಿನ ರಕ್ಷಣೆಗೆ ಯಾವ ಸಿದ್ಧತೆಯನ್ನೂ ಮಾಡದೆ ಕುಳಿತ ಕುಂಪಣಿಯ ಅಧಿಕಾರಿಗಳನ್ನು ಕುರಿತು ವಿಚಾರಣೆ ನಡೆಸಲು ಹೆನ್ರಿ ಡುಂಡಾಸನ ನೇತೃತ್ವದಲ್ಲಿ ಒಂದು ಗುಪ್ತ ಸಮಿತಿ ನೇಮಕವಾಯಿತು. ಆ ಸಮಿತಿಯ ವರದಿಗಳ ಫಲವಾಗಿ 1782ರ ಮೇ ತಿಂಗಳ ಕೊನೆಯಲ್ಲಿ ಕಾಮನ್ಸ್ ಸಭೆಯು ಇಬ್ಬರನ್ನು ಹಿಂದಕ್ಕೆ ಕರೆಯಿಸಿಕೊಳ್ಳಬೇಕೆಂದು ನಿರ್ಣಯಿಸಿತು: ಒಬ್ಬನು ಕಲ್ಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್, ಇನ್ನೊಬ್ಬನು ಬೊಂಬಾಯಿಯ ಗವರ್ನರ್ ವಿಲಿಯಂ ಹಾರ್ನ್‌ಬಿ.

ಈ ಎರಡನೆಯ ಹೆಸರನ್ನು ನಮ್ಮ ಕರಾವಳಿಯವರು ನೆನಪಿಡಬೇಕು. ಪಾರ್ಲಿಮೆಂಟು ಬೇಡವೆಂದ ಈ ಹಾರ್ನ್‌ಬಿಯನ್ನು ಕುಂಪಣಿಯ ಷೇರುದಾರರು ಬೇಕೆಂದರು. ಅವರ ಸಭೆಯು ವಿರೋಧಿಸಿದ ಕಾರಣ ನಿರ್ದೇಶಕರು ಕೈಕಟ್ಟಿ ಕುಳಿತರು. ರಾಷ್ಟ್ರದ ಪ್ರತಿನಿಧಿಗಳ ವಿಮರ್ಶೆ ಕಾಗದದಲ್ಲಿಯೇ ಉಳಿಯಿತು. ಅವನು ತನ್ನ ಪೀಠದಲ್ಲಿ ಕುಳಿತೇ ಇದ್ದನು. ಆ ವರ್ಷದ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರನು ತೀರಿಕೊಂಡನೆಂಬ ವಾರ್ತೆ ಬೊಂಬಾಯಿಗೆ ಮುಟ್ಟಿದಾಗ, ಸಮುದ್ರತೀರದ ಕಾರ್ಯಗಳನ್ನೆಲ್ಲ ಬಿಟ್ಟು ಕೂಡಲೇ ಘಟ್ಟವನ್ನೇರಿ ಬಿದನೂರನ್ನು ಹಿಡಿಯತಕ್ಕದ್ದೆಂದು ಜನರಲ್ ರಿಚರ್ಡ್ ಮ್ಯಾಥ್ಯೂಸನಿಗೆ ಆಜ್ಞಾಪಿಸಿದುದು ಈ ಹಾರ್ನ್‌ಬಿಯ ಸರಕಾರವೇ.

ಬಿದನೂರೆಂದರೆ ಕೆಳದಿಯ ಅರಸರ ರಾಜಧಾನಿ. ಅದನ್ನು 1763ರಲ್ಲಿ ಗೆದ್ದ ಹೈದರನು ಹೈದರನಗರವೆಂದು ಹೆಸರಿಟ್ಟನು. ಇಂದಿಗೂ ಹೊಸನಗರ ತಾಲೂಕಿನಲ್ಲಿ ನಗರವೆಂದೇ ಕರೆಯಲ್ಪಡುವ ಆ ಊರಿನಲ್ಲಿ ಕೋಟೆ ಮಳೆಗೆ ನೆನೆಯುತ್ತ ನಿಂತಿದೆ. ಅಲ್ಲಿ ಅಪಾರವಾದ ಧನವಿದೆಯೆಂಬ ಪ್ರತೀತಿ ಬೊಂಬಾಯಿಯವರ ಕಿವಿಯಲ್ಲಿತ್ತು. ಮ್ಯಾಥ್ಯೂಸನು ಪ್ರತಿಭಟಿಸಿದನು. ಕರಾವಳಿಯ ಕೋಟೆಗಳನ್ನು ಮೊದಲು ಭದ್ರಪಡಿಸಿಕೊಳ್ಳದೆ, ಬೆನ್ನ ಹಿಂದೆ ಹಡಗಿನ ಆಸರೆಯಿಲ್ಲದೆ, ಆಹಾರ ಮದ್ದುಗುಂಡುಗಳು ಸಾಗಿಬರುವ ದಾರಿಯನ್ನು ಶತ್ರುವು ಯಾವ ಕ್ಷಣದಲ್ಲಿಯೂ ಕತ್ತರಿಸಬಹುದಾದ ಕಣಿವೆಯನ್ನು ದಾಟಿ ಮೇಲಕ್ಕೆ ಹೋಗುವುದು ಅಪಾಯಕರವೆಂದು ಅವನಿಗೆ ತೋರಿತು. ಸೈನಿಕನ ದೃಷ್ಟಿಯಿಂದ ಇದು ಸರಿಯಾದ ವಿಮರ್ಶೆ. ಸರಿಯೆಂಬುದಕ್ಕೆ ಮುಂದಿನ ನಾಲ್ಕು ತಿಂಗಳುಗಳೇ ಸಾಕ್ಷಿ. ಆದರೆ ಮಾತಿನಲ್ಲಿ ವಿರೋಧಿಸಿದವನು ಕೃತಿಯಲ್ಲಿ ವಿಧೇಯನಾದನು.

ಹೊನ್ನಾವರವನ್ನು ಲಗ್ಗೆಹತ್ತಿ ಹಿಡಿದ ಬಳಿಕ ಸೈನ್ಯವು ಕುಂದಾಪುರದ ಕಡೆಯಿಂದ ಹೊಸಂಗಡಿಯ ಘಟ್ಟಕ್ಕೆ ನಡೆಯಿತು. ವಾರಾಹಿಯ ವಿದ್ಯುದಾಗಾರವಿರುವ ಹೊಸಂಗಡಿಯೆಂದರೆ ಇಂದಿನ ಓದುಗರಿಗೆ ಗುರುತು ಸಿಕ್ಕೀತು. ಮೆಟ್ಟಿಲು ಮೆಟ್ಟಿಲಾಗಿ ತೋಪುಗಳನ್ನು ಹೂಡಿದ್ದ ಆ ಕಡಿದಾದ ದಾರಿಯನ್ನು ಸ್ಕಾಟ್‌ಲೆಂಡಿನ ಗುಡ್ಡಗಾಡಿನ ಸೈನಿಕರೂ ಬೊಂಬಾಯಿಯ ಸಿಪಾಯಿಗಳೂ ಬಂದೂಕದ ತುದಿಯ ಕತ್ತಿಗಳಿಂದಲೇ ಗೆದ್ದುಕೊಂಡರು. ಜನವರಿ ಮುಗಿಯುವುದರೊಳಗೆ ಬಿದನೂರಿನ ಅಧಿಪತಿಯಾದ ಶೇಖ್ ಅಯಾಜನು, ಟಿಪ್ಪುವಿನಿಂದ ತನಗೆ ಪ್ರಾಣಭಯವಿದ್ದುದರಿಂದ, ಹೋರಾಡದೆಯೇ ಕೋಟೆಯನ್ನು ಒಪ್ಪಿಸಿಬಿಟ್ಟನು. ಮಾರ್ಚಿಯಲ್ಲಿ ಮಂಗಳೂರೂ ವಶವಾಯಿತು. ಬೊಂಬಾಯಿಯಲ್ಲಿ ಹಾರ್ನ್‌ಬಿಯ ಆಲೋಚನೆಯೇ ಗೆದ್ದಂತೆ ಕಂಡಿತು.

ಗೆಲವು ಬಂದ ಕೂಡಲೇ ದಂಡಿನಲ್ಲಿ ಒಡಕು ಹುಟ್ಟಿತು. ಬಿದನೂರಿನ ದ್ರವ್ಯವು ಯಾರಿಗೆ ಸೇರತಕ್ಕದ್ದೆಂಬ ವಿವಾದದಲ್ಲಿ ಸೇನಾಪತಿಯ ಮೇಲೆ ದೂರು ಹೊತ್ತು ಮ್ಯಾಕ್ಲೌಡ್, ಹಂಬರ್‌ಸ್ಟನ್, ಷಾ ಎಂಬ ಮೂವರು ಅಧಿಕಾರಿಗಳು ರಣರಂಗವನ್ನು ಬಿಟ್ಟು ಬೊಂಬಾಯಿಗೆ ಹೋದರು. ಸರಕಾರವು ಮ್ಯಾಥ್ಯೂಸನನ್ನು ತೆಗೆದುಹಾಕಿ ಮ್ಯಾಕ್ಲೌಡನಿಗೆ ಸೇನಾಧಿಪತ್ಯವನ್ನು ಕೊಟ್ಟಿತು. ಹೊಸ ಸೇನಾಪತಿ ಹಿಂದಿರುಗುತ್ತಿದ್ದ ಹಡಗನ್ನು ಏಪ್ರಿಲ್ ತಿಂಗಳಿನಲ್ಲಿ ಮರಾಠರ ನೌಕಾಬಲವು ಅಡ್ಡಗಟ್ಟಿತು. ಷಾ ಸತ್ತನು, ಹಂಬರ್‌ಸ್ಟನ್ನನು ಗಾಯದಿಂದ ತೀರಿಕೊಂಡನು, ಮ್ಯಾಕ್ಲೌಡನು ಸೆರೆಯಾದನು. ಅದೇ ಏಪ್ರಿಲಿನಲ್ಲಿ ಟಿಪ್ಪುವು ಪೂರ್ವದ ರಣಭೂಮಿಯನ್ನು ಬಿಟ್ಟು ದೊಡ್ಡ ಸೈನ್ಯದೊಡನೆ ಬಿದನೂರಿನ ಮುಂದೆ ಕಾಣಿಸಿಕೊಂಡನು. ಅವನು ಮೊದಲು ಮಾಡಿದ ಕೆಲಸವೆಂದರೆ ಒಂದು ಭಾಗವನ್ನು ಕಳುಹಿಸಿ ಘಟ್ಟದ ದಾರಿಗಳನ್ನು ಹಿಡಿಸಿದುದು. ಮ್ಯಾಥ್ಯೂಸನು ಯಾವುದಕ್ಕೆ ಅಂಜಿದ್ದನೋ ಅದೇ ನಡೆಯಿತು. ತಿಂಗಳ ಕೊನೆಗೆ ಕೋಟೆ ಶರಣಾಯಿತು. ಖಜಾನೆ ಬರಿದಾಗಿದ್ದುದನ್ನು ಕಂಡ ಟಿಪ್ಪುವು ಒಪ್ಪಂದವು ಮುರಿಯಿತೆಂದು ಹೇಳಿ ಎಲ್ಲರನ್ನೂ ಸಂಕಲೆಯಲ್ಲಿ ಒಯ್ದನು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು. ವಿಷವಿಕ್ಕಿದರೆಂಬುದು ಅವನ ಜೊತೆಯ ಬಂದಿಗಳ ನಂಬಿಕೆಯಾಗಿತ್ತು.

ಇಲ್ಲಿ ಒಂದು ಹೋಲಿಕೆಯನ್ನು ನಿಧಾನವಾಗಿ ನೋಡಬೇಕು. ಅಷ್ಟು ಆತುರದಿಂದ ಹಿಡಿದ ಬಿದನೂರು ಕೆಲವು ವಾರಗಳ ಮುತ್ತಿಗೆಗೆ ಬಿದ್ದಿತು. ಸಮುದ್ರದ ಮಗ್ಗುಲಲ್ಲಿದ್ದ ಮಂಗಳೂರನ್ನು ಕರ್ನಲ್ ಕ್ಯಾಂಬೆಲ್ಲನು, ಹಸಿವೂ ರಕ್ತಪಿತ್ತವ್ಯಾಧಿಯೂ ಸೈನಿಕರನ್ನು ತಿನ್ನುತ್ತಿದ್ದರೂ, 1784ರ ಜನವರಿಯ ಕೊನೆಯವರೆಗೆ ಬಿಟ್ಟುಕೊಡಲಿಲ್ಲ. ಹೊನ್ನಾವರವನ್ನು ಕ್ಯಾಪ್ಟನ್ ಟೊರಿಯಾನೊ ಎಂಬವನು ಸಂಧಿಯಾಗುವ ತನಕ ಕಾಪಾಡಿಕೊಂಡನು. ಕರಾವಳಿಯನ್ನು ಬಿಟ್ಟು ಘಟ್ಟವನ್ನೇರೆಂದವರು ತಪ್ಪಿದ್ದರು, ಕರಾವಳಿಯನ್ನು ಮೊದಲು ಭದ್ರಮಾಡೋಣವೆಂದವನು ಸರಿಯಿದ್ದನು ಎಂಬುದಕ್ಕೆ ಈ ಮೂರು ಕೋಟೆಗಳ ಗತಿಗಿಂತ ಬೇರೆ ಪ್ರಮಾಣ ಬೇಕಿಲ್ಲ. ಬೊಂಬಾಯಿಯವರಿಗೆ ಇದು ಹೊಸ ಪಾಠವೂ ಆಗಿರಲಿಲ್ಲ: 1768ರಲ್ಲಿಯೂ ಮಂಗಳೂರು ಹೊನ್ನಾವರಗಳನ್ನು ಸುಲಭವಾಗಿ ಹಿಡಿದು, ಹೈದರನು ಬಂದೊಡನೆ ತಮ್ಮ ರೋಗಿಗಳನ್ನೂ ಗಾಯಾಳುಗಳನ್ನೂ ಹಿಂದೆ ಬಿಟ್ಟು ಹಡಗನ್ನೇರಿದವರು ಅವರೇ. ಒಂದೇ ತೀರದಲ್ಲಿ ಹದಿನೈದು ವರ್ಷಗಳೊಳಗೆ ಎರಡು ಬಾರಿ ಎಡವಿದ ಸರಕಾರವನ್ನು ದುರದೃಷ್ಟವೆಂದು ಹೇಳಿ ಕ್ಷಮಿಸಲು ನನಗೆ ಮನಸ್ಸು ಬಾರದು.

ಹಾರ್ನ್‌ಬಿಯ ಪರವಾಗಿ ಹೇಳಬಹುದಾದ ಒಂದು ಮಾತುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಬಿದನೂರು ಹೋಯಿತೆಂದು ಕೇಳಿಯೇ ಟಿಪ್ಪುವು ಆರ್ಕಾಟಿನ ಸೀಮೆಯನ್ನು ಬಿಟ್ಟು ಪಶ್ಚಿಮಕ್ಕೆ ಧಾವಿಸಿದನು. ಹಾಗಾಗಿ ಮದರಾಸು ಉಸಿರಾಡಿತು. ಉದ್ದೇಶವು ಇದೊಂದೇ ಆಗಿದ್ದರೆ ಅದು ಸಫಲವಾಯಿತೆನ್ನಬೇಕು. ಆದರೆ ಶತ್ರುವು ತೆರವುಮಾಡಿದ ಅವಕಾಶವನ್ನು ಬಳಸಿಕೊಳ್ಳಬೇಕಾದ ಮದರಾಸಿನಲ್ಲಿ ಗವರ್ನರ್ ಮೆಕಾರ್ಟ್ನಿಗೂ ಸೇನಾಪತಿ ಸ್ಟೂವರ್ಟನಿಗೂ ದ್ವೇಷ ಬೆಳೆದು, ಕೊನೆಗೆ ಆ ಸರಕಾರವು ತನ್ನ ಸೇನಾಪತಿಯನ್ನೇ ಬಂಧಿಸಿ ಇಂಗ್ಲೆಂಡಿಗೆ ಸಾಗಹಾಕಿತು. ದಕ್ಷಿಣದಿಂದ ಪಾಲಘಾಟಿನ ಕೋಟೆಯನ್ನು ಗೆದ್ದು ಶ್ರೀರಂಗಪಟ್ಟಣದತ್ತ ನಡೆಯಬೇಕೆಂದಿದ್ದ ಕರ್ನಲ್ ಫುಲ್ಲರ್ಟನ್ನನನ್ನು ಸಂಧಿಯ ಮಾತುಕತೆಗಾಗಿ ತಡೆದರು. ಅವನು ಮುಂದೆ ಆಂಗ್ಲರ ಹಿತಾಹಿತಗಳನ್ನು ಕುರಿತು ಪುಸ್ತಕವನ್ನೇ ಬರೆದು ಈ ನೀತಿಯ ದೋಷಗಳನ್ನು ಎತ್ತಿ ತೋರಿಸಿದನು. ಬೊಂಬಾಯಿ ಒಂದು ಯುದ್ಧವನ್ನೂ ಮದರಾಸು ಇನ್ನೊಂದನ್ನೂ ನಡೆಸುತ್ತಿದ್ದವು, ಕಲ್ಕತ್ತೆಯು ಇವೆರಡನ್ನೂ ದೂರದಿಂದ ಆಕ್ಷೇಪಿಸುತ್ತಿತ್ತು. ಇವೆಲ್ಲಕ್ಕೂ ಉತ್ತರ ಹೇಳಬೇಕಾದ ಲಂಡನ್ನಿಗೆ ಸುದ್ದಿ ತಲುಪುವ ವೇಳೆಗೆ ಆ ಸುದ್ದಿಯಲ್ಲಿದ್ದವರು ಸತ್ತಿರುತ್ತಿದ್ದರು.

1784ರ ಮಾರ್ಚಿ 11ರಂದು ಮಂಗಳೂರಿನಲ್ಲಿ ಸಂಧಿಯಾಯಿತು. ಉಭಯರೂ ಗೆದ್ದುದನ್ನು ಹಿಂದಿರುಗಿಸಬೇಕು, ಬಂದಿಗಳನ್ನು ಬಿಡಬೇಕು. ಇಷ್ಟೇ ಅದರ ಸಾರ. ಮದರಾಸಿನಿಂದ ನಡೆದುಬಂದ ಮೂವರು ಆಂಗ್ಲ ಪ್ರತಿನಿಧಿಗಳು ಗೆದ್ದವನ ಶಿಬಿರದಲ್ಲಿ ರುಜು ಹಾಕಿದುದನ್ನು ಹೇಸ್ಟಿಂಗ್ಸನು ಅಪಮಾನವೆಂದು ಬಗೆದನು. ಅತ್ತ ಅದೇ ವರ್ಷದ ಆಗಸ್ಟಿನಲ್ಲಿ, ತರುಣ ಪ್ರಧಾನಿ ಪಿಟ್ಟನ ಇಂಡಿಯಾ ಶಾಸನದಲ್ಲಿ, ಭಾರತದಲ್ಲಿ ದಿಗ್ವಿಜಯವನ್ನೂ ರಾಜ್ಯವಿಸ್ತಾರವನ್ನೂ ಬಯಸುವುದು ಆಂಗ್ಲ ರಾಷ್ಟ್ರದ ಇಚ್ಛೆಗೂ ಗೌರವಕ್ಕೂ ನೀತಿಗೂ ವಿರುದ್ಧವೆಂಬ ಅರ್ಥದ ವಾಕ್ಯವು ಸೇರಿತು. ವಿಮರ್ಶಕರು ಗೆದ್ದರು, ಅವರ ಮಾತು ಕಾನೂನಾಯಿತು. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮೈಸೂರಿನ ಮೇಲೆ ಮತ್ತೆ ದಂಡೆತ್ತಿದಾಗ ಫಿಲಿಪ್ ಫ್ರಾನ್ಸಿಸ್, ಹಿಪ್ಪಿಸ್ಲಿ ಮೊದಲಾದವರು ಇದೇ ವಾಕ್ಯವನ್ನು ಹಿಡಿದು ಕಾಮನ್ಸ್ ಸಭೆಯಲ್ಲಿ ವಾದಿಸಿದರು. ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ ಕಾರ್ನ್‌ವಾಲಿಸನನ್ನು ಚಿತ್ರಕಾರ ಗಿಲ್‌ರೇ ಅಪಹಾಸ್ಯ ಮಾಡಿದನು. ಆದರೂ ಸಭೆಯ ಬಹುಮತವು ಯುದ್ಧವನ್ನು ಸಮರ್ಥಿಸಿತು. ಆ ಸಮರ್ಥನೆಗೆ ನಾಯಕನಾದವನು, ಒಂಬತ್ತು ವರ್ಷಗಳ ಹಿಂದೆ ಇಂಥದೇ ಯುದ್ಧವನ್ನು ಖಂಡಿಸಿದ್ದ ಡುಂಡಾಸನೇ. 1799ರಲ್ಲಿ ನಮ್ಮ ಕರಾವಳಿಯ ಕನ್ನಡ ಜಿಲ್ಲೆ ಕುಂಪಣಿಗೆ ಸೇರಿದಾಗ ಆ ವಾಕ್ಯವು ಶಾಸನದ ಪುಟದಲ್ಲಿ ಇದ್ದೇ ಇತ್ತು.

ಈ ವಾಗ್ವಾದದಲ್ಲಿ ನಮ್ಮ ತೀರದ ಜನರು ಎಲ್ಲಿದ್ದರು? ಎಡ್ಮಂಡ್ ಬರ್ಕನು 1785ರಲ್ಲಿ ಕಾಮನ್ಸ್ ಸಭೆಯಲ್ಲಿ ಹೈದರನ ದಾಳಿಯಿಂದ ಕರ್ನಾಟಕವು ಹೇಗೆ ಭಸ್ಮವಾಯಿತೆಂದು ಮಹಾವಾಗ್ಮಿತೆಯಿಂದ ವರ್ಣಿಸಿ, ಅದಕ್ಕೆ ಕುಂಪಣಿಯವರ ದುರಾಶೆಯೇ ಕಾರಣವೆಂದನು. ಆ ಮಾತಿನ ಸಾಚಾತನವನ್ನು ನಾನು ಸಂದೇಹಿಸುವುದಿಲ್ಲ. ಆದರೆ ಅಂದಿನ ಆಂಗ್ಲರ ಕಾಗದಗಳಲ್ಲಿ ಕರ್ನಾಟಕವೆಂದರೆ ಘಟ್ಟದ ಕೆಳಗಿನ ಆರ್ಕಾಟಿನ ತಮಿಳು ಸೀಮೆ; ನಮ್ಮ ಕರ್ನಾಟಕವಲ್ಲ, ನಮ್ಮ ತುಳುನಾಡಂತೂ ಅಲ್ಲ. ಸಭೆಯಲ್ಲಿ ಸಾಲದ ಲೆಕ್ಕ, ರಾಷ್ಟ್ರದ ಮಾನ, ಗವರ್ನರರ ಅವಿಧೇಯತೆ ಇವು ಚರ್ಚೆಗೆ ಬಂದವು. ಬೊಂಬಾಯಿಯ ಗ್ರೆನೇಡಿಯರ್ ಸಿಪಾಯಿಗಳ ಧ್ವಜಕ್ಕೆ ‘ಮಂಗಳೂರು’ ಎಂಬ ಯುದ್ಧಗೌರವ ಬಂದಿತು. ಹೊಸಂಗಡಿಯ ದಾರಿಯಲ್ಲಿ ಎತ್ತುಗಳನ್ನು ಕಳೆದುಕೊಂಡವನ, ಎರಡು ಸೈನ್ಯಗಳಿಗೂ ಅಕ್ಕಿ ಅಳೆದುಕೊಟ್ಟ ಒಕ್ಕಲಿನ ವಿಚಾರವು ಯಾರ ನಿರ್ಣಯದಲ್ಲಿಯೂ ಇಲ್ಲ.

ಎಲ್ಲಕ್ಕಿಂತ ಭಾರವಾದ ದಂಡವನ್ನು ತೆತ್ತವರು ಕರಾವಳಿಯ ಕೊಂಕಣಿ ಕ್ರೈಸ್ತರು. ಮ್ಯಾಥ್ಯೂಸನಿಗೆ ಸಹಾಯಮಾಡಿದರೆಂಬ ಆಪಾದನೆಯ ಮೇಲೆ, ಸಂಧಿಗೆ ರುಜುವಾಗುವ ಎರಡು ವಾರ ಮುಂಚೆ, 1784ರ ಫೆಬ್ರವರಿಯ ಬೂದಿ ಬುಧವಾರದಂದು ಟಿಪ್ಪುವಿನ ಅಪ್ಪಣೆಯಂತೆ ಅವರನ್ನು ಸಾವಿರಗಟ್ಟಲೆಯಾಗಿ ಹಿಡಿದು, ಹೆಂಗಸರು ಮಕ್ಕಳು ಮುದುಕರೆನ್ನದೆ ಘಟ್ಟದ ಮೇಲಕ್ಕೆ ನಡೆಯಿಸಿದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅಸಂಖ್ಯರು. ಯಾರೋ ಕೆಲವರ ಮೇಲಿನ ಸಂಶಯಕ್ಕಾಗಿ ಒಂದು ಸಮುದಾಯವನ್ನೇ ಬೇರುಸಹಿತ ಕಿತ್ತುದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ. ಈ ಜನರ ರಕ್ಷಣೆಯನ್ನು ಆ ಸಂಧಿಯಲ್ಲಿ ಆಂಗ್ಲರು ಸಾಧಿಸಲಿಲ್ಲವೆಂಬುದರಲ್ಲಿಯೂ ಎರಡು ಮಾತಿಲ್ಲ. ತಮ್ಮ ಸೈನಿಕ ಬಂದಿಗಳನ್ನು ಕುರಿತು ಷರತ್ತು ಬರೆಯಿಸಿಕೊಂಡವರು, ತಮ್ಮ ದಂಡಯಾತ್ರೆಯ ನೆವದಿಂದ ಸೆರೆಯಾದ ಕುಟುಂಬಗಳನ್ನು ಅಲ್ಲಿಯೇ ಬಿಟ್ಟು ಹಡಗನ್ನೇರಿದರು. ಆ ಕುಟುಂಬಗಳಲ್ಲಿ ಬದುಕುಳಿದವರು ಮರಳಿ ಬಂದುದು 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ. ಎಲ್ಲೂರಿಗೆ ಸಮೀಪದ ಶಿರ್ವದಲ್ಲಿ, ಅತ್ತ ಕಲ್ಯಾಣಪುರದಲ್ಲಿ, ಹಿರಿಯರು ಆ ಸೆರೆಯ ಮಾತನ್ನು ಇಂದಿಗೂ ದನಿ ತಗ್ಗಿಸಿ ಆಡುತ್ತಾರೆ.

ಲಂಡನ್ನಿನಲ್ಲಿ ಪಿಟ್ಟನ ಶಾಸನಕ್ಕೆ ದೊರೆಯ ಅಂಕಿತ ಬಿದ್ದ ಆ ಆಗಸ್ಟಿನಲ್ಲಿ ಇಲ್ಲಿ ಮಳೆಗಾಲವಿನ್ನೂ ಮುಗಿದಿರಲಿಲ್ಲ. ಪತ್ತನಾಜೆ ಕಳೆದು, ಆಟಿ ತಿಂಗಳು ಕಳೆದು, ಗದ್ದೆಗಳಲ್ಲಿ ಪೈರು ಎದ್ದಿರುವ ಹೊತ್ತು ಅದು. ಘಟ್ಟದ ಮೇಲಕ್ಕೆ ಹೋದವರ ಗದ್ದೆಗಳನ್ನು ಆ ವರ್ಷ ಅವರು ನೆಟ್ಟಿರಲಿಲ್ಲ.